ಎರಡು ಸ್ವರಗಳಲ್ಲಿ ಮಾತು: ಬನಹಟ್ಟಿಯ ಒಂದು ಪ್ರಕರಣ

ಬನಹಟ್ಟಿಯ ನೇಕಾರರೊಬ್ಬರಿಗೆ, ವಯಸ್ಸು 62, ಯುಗಾದಿ ಕಳೆದು ಕೆಲವೇ ದಿನಗಳಲ್ಲಿ ಲಕ್ವಾ ಹೊಡೆಯಿತು. ಮೆದುಳಿನ ಎಡ ಅರ್ಧಕ್ಕೆ ರಕ್ತ ಒಯ್ಯುವ ದೊಡ್ಡ ಧಮನಿಯೊಂದರಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ನಿಂತಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರನ್ನು ಆಸ್ಪತ್ರೆಗೆ ತರುವಷ್ಟರಲ್ಲಿ ಆ ಹೊತ್ತು ಮೀರಿತ್ತು. ಒಂದು ತಿಂಗಳಲ್ಲಿ ಕಾಲು ಸುಧಾರಿಸಿತು. ಮಾತು ಸುಧಾರಿಸಲಿಲ್ಲ. ಏನು ಕೇಳಿದರೂ "ಅದು... ಅದು..." ಎಂಬುದಷ್ಟೇ ಉತ್ತರ. ಸಿಟ್ಟು ಬಂದಾಗ ಒಂದು ಬೈಗುಳ ಮಾತ್ರ ಸ್ವಚ್ಛವಾಗಿ ಹೊರಬರುತ್ತಿತ್ತು.

ಒಂದು ಸೋಮವಾರ ಸಂಜೆ ಓಣಿಯ ಗುಡಿಯಲ್ಲಿ ಭಜನೆ ನಡೆದಿತ್ತು. ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅವರು ಅಲ್ಲಿಂದಲೇ ದನಿಗೂಡಿಸಿ, ತಾವು ಮೂವತ್ತು ವರ್ಷಗಳಿಂದ ಹಾಡುತ್ತಿದ್ದ ಒಂದು ತತ್ವಪದದ ಪಲ್ಲವಿಯನ್ನೂ ಮೊದಲ ನುಡಿಯನ್ನೂ ಒಂದಕ್ಷರ ಬಿಡದೆ ಹಾಡಿದರು. ಮನೆಯವರಿಗೆ ಗಾಬರಿಯೂ ಆಯಿತು, ಕಣ್ಣೀರೂ ಬಂತು. ಹಾಡು ಮುಗಿಯುತ್ತಲೇ ಹೆಂಡತಿ ಓಡಿಬಂದು "ನೀರು ಬೇಕೇನು?" ಎಂದು ಕೇಳಿದರೆ ಮತ್ತೆ "ಅದು... ಅದು...".

ಮರುದಿನದಿಂದ ಆ ಮನೆಗೆ ಸಂಗೀತಗಾರರು ಬರತೊಡಗಿದರು. ಕೆಲವರನ್ನು ಮಗ ಕರೆಸಿದ, ಕೆಲವರು ಸುದ್ದಿ ಕೇಳಿ ತಾವಾಗಿಯೇ ಬಂದರು. ವಾಕ್ ಚಿಕಿತ್ಸಕಿಯಾಗಿ ನಾನು ಅವರನ್ನು ನೋಡಲು ಆರಂಭಿಸಿದ್ದೂ ಅದೇ ಹೊತ್ತಿಗೆ. ಹಾಗಾಗಿ ಒಬ್ಬ ರೋಗಿಯ ಸುತ್ತ ಮೂವರು ಸಂಗೀತಗಾರರು ಸಂಗೀತ ಚಿಕಿತ್ಸೆಯನ್ನು ಹೇಗೆ ಅರ್ಥಮಾಡಿಕೊಂಡರು, ಆ ಅರ್ಥ ತಿಂಗಳುಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ಹತ್ತಿರದಿಂದ ಕಾಣುವ ಅವಕಾಶ ಸಿಕ್ಕಿತು. ಮನೆಯವರ ಮತ್ತು ಆ ಮೂವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಡು ಉಳಿದದ್ದು ಹೇಗೆ

ಇಂಥ ರೋಗಿಗಳ ವರ್ಣನೆ ಹಳೆಯದು. ಮಾತು ಕಳೆದುಕೊಂಡ ಮನುಷ್ಯನೊಬ್ಬ ಚರ್ಚಿನ ಪ್ರಾರ್ಥನಾ ಗೀತೆಗಳನ್ನು ಪದಸಹಿತ ಹಾಡುತ್ತಿದ್ದುದನ್ನು 18ನೇ ಶತಮಾನದ ಸ್ವೀಡನ್‌ನಲ್ಲಿಯೇ ದಾಖಲಿಸಿದ್ದಾರೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, "ಟಾನ್" ಎಂಬ ಒಂದೇ ಉಚ್ಚಾರ ಉಳಿದಿದ್ದ ರೋಗಿಯ ಮೆದುಳನ್ನು ಆತ ಸತ್ತ ಮೇಲೆ ಪರೀಕ್ಷಿಸಿ, ಎಡ ಹಣೆಯ ಹಿಂಭಾಗದ ಒಂದು ಜಾಗ ಹಾಳಾಗಿದ್ದನ್ನು ತೋರಿಸಿದ. ಆ ಜಾಗಕ್ಕೂ ಅದರ ಸುತ್ತಮುತ್ತಲಿಗೂ ಪೆಟ್ಟಾದಾಗ ಬರುವ ವಾಕ್ ನಷ್ಟಕ್ಕೆ ಇಂದಿಗೂ ಅವನ ಹೆಸರೇ ಇದೆ. ಬ್ರೋಕಾ ಅಫೇಸಿಯಾದಲ್ಲಿ ರೋಗಿಗೆ ನಮ್ಮ ಮಾತು ಬಹುಮಟ್ಟಿಗೆ ತಿಳಿಯುತ್ತದೆ. ತನಗೆ ಏನು ಹೇಳಬೇಕೆಂಬುದೂ ಗೊತ್ತಿರುತ್ತದೆ. ಆದರೆ ಪದ ಹುಡುಕಿ, ಜೋಡಿಸಿ, ಬಾಯಿಗೆ ತರುವ ದಾರಿ ಕಡಿದಿರುತ್ತದೆ. ಬುದ್ಧಿ ಹೋಗಿದೆ ಎಂದು ನೆಂಟರು ತಿಳಿಯುತ್ತಾರೆ. ಈ ರೋಗದ ಸಂಕಟದಲ್ಲಿ ಅರ್ಧಪಾಲು ಅದೇ.

ಹಾಡು ಮಾತ್ರ ಉಳಿಯುವುದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚು. ರಾಗದ ಏರಿಳಿತವನ್ನು ಗ್ರಹಿಸುವುದರಲ್ಲಿ, ಹಾಡುವುದರಲ್ಲಿ ಮೆದುಳಿನ ಬಲ ಅರ್ಧಕ್ಕೆ ದೊಡ್ಡ ಪಾಲಿದೆ. ಇವರ ಬಲ ಅರ್ಧ ಸುರಕ್ಷಿತವಾಗಿತ್ತು. ಜೊತೆಗೆ ಸಾವಿರ ಸಲ ಹಾಡಿದ ಪದ ಹೊಸದಾಗಿ ಜೋಡಿಸಬೇಕಾದ ವಾಕ್ಯದಂತಿರುವುದಿಲ್ಲ. ಅದು ಇಡಿಯಾಗಿ, ಒಂದೇ ಎಳೆಯಲ್ಲಿ ಬರುತ್ತದೆ. ಬೈಗುಳ, ಒಂದರಿಂದ ಹತ್ತರ ಎಣಿಕೆ, ವಾರಗಳ ಹೆಸರು, ಬಾಯಿಪಾಠವಾದ ವಚನ ಇವೂ ಹಾಗೆಯೇ ಉಳಿಯುತ್ತವೆ. ಜರ್ಮನಿಯ ಸಂಶೋಧಕರು 17 ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪದ ಹೊರಬರಲು ರಾಗಕ್ಕಿಂತ ಲಯ ಮತ್ತು ಬಾಯಿಪಾಠವೇ ಹೆಚ್ಚು ನೆರವಾಗುತ್ತವೆ ಎಂದು ಹೇಳಿತು. ಮೂವತ್ತು ವರ್ಷ ಹಾಡಿದ ತತ್ವಪದ ನಾಲಿಗೆಗೆ ಬಂದ ಮಾತ್ರಕ್ಕೆ ನೀರು ಕೇಳುವ ಶಕ್ತಿ ಬಂದಂತಾಗದು ಎಂಬುದು ಆ ಮನೆಯಲ್ಲಿ ನಾನು ಹೇಳಬೇಕಾಗಿದ್ದ ಮೊದಲ ಕಹಿ ಮಾತು.

ವಾಕ್ ನಷ್ಟವನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪದಲ್ಲಿ ನೋಡಿದಾಗ ಗ್ರಹಿಕೆ ಚೆನ್ನಾಗಿತ್ತು. ಸ್ವಂತ ಮಾತು, ಹೇಳಿದ್ದನ್ನು ಮರಳಿ ಹೇಳುವುದು, ವಸ್ತುಗಳನ್ನು ಹೆಸರಿಸುವುದು ಈ ಮೂರೂ ತೀರಾ ಕಡಿಮೆ. ಇನ್ನೊಂದು ಪರೀಕ್ಷೆಯನ್ನು ನಾನು ಹಟ ಹಿಡಿದು ಮಾಡಿಸಿದೆ, ಅದು ಶ್ರವಣ ಪರೀಕ್ಷೆ. ಬನಹಟ್ಟಿ, ರಬಕವಿ, ಗುಳೇದಗುಡ್ಡದ ನೇಕಾರರನ್ನು ನೋಡುವ ಯಾವ ವಾಕ್ ಚಿಕಿತ್ಸಕರೂ ಇದನ್ನು ಬಿಡಬಾರದು. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದುಡಿದರೆ ಕಿವಿ ಕೆಡುತ್ತದೆ. ಪವರ್‌ಲೂಮ್ ಶೆಡ್ಡಿನ ಸದ್ದು ಅದಕ್ಕಿಂತ ಹೆಚ್ಚು. ಇವರು ಚಿಕ್ಕಂದಿನಲ್ಲಿ ಕೈಮಗ್ಗದಲ್ಲಿ ಲಾಳಿ ಎಸೆದವರು, ಆಮೇಲಿನ ಕಾಲವನ್ನೆಲ್ಲ ಪವರ್‌ಲೂಮ್ ನಡುವೆ ಕಳೆದವರು. ನಿರೀಕ್ಷಿಸಿದಂತೆಯೇ 4000 ಹರ್ಟ್ಸ್ ಆಸುಪಾಸಿನಲ್ಲಿ ಕೇಳುವಿಕೆ ಕುಸಿದಿತ್ತು. ಅಂದರೆ ಅ, ಆ ಮುಂತಾದ ಸ್ವರಾಕ್ಷರಗಳು ಚೆನ್ನಾಗಿ ಕೇಳುತ್ತವೆ. ಸ, ಶ, ಟ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಮುಂದೆ ಪೇಟಿಯ (ಹಾರ್ಮೋನಿಯಂ) ವಿಷಯದಲ್ಲಿ ಇದೇ ನಿರ್ಣಾಯಕವಾಯಿತು.

ಮೂವರು, ಮೂರು ತಿಳಿವಳಿಕೆ

ಮೊದಲನೆಯವರು ಜಮಖಂಡಿಯ ಗವಾಯಿಗಳು. ಹಿಂದುಸ್ತಾನಿ ಗಾಯನ ಕಲಿತವರು, ಮಕ್ಕಳನ್ನು ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳಿಗೆ ತಯಾರು ಮಾಡುವವರು. ಎಪ್ಪತ್ತರ ಅಂಚಿನಲ್ಲಿದ್ದರೂ ಮುಂಜಾನೆಯ ರಿಯಾಜ್ ಬಿಟ್ಟವರಲ್ಲ. ಅವರಿಗೆ ಸಂಗೀತ ಚಿಕಿತ್ಸೆ ಎಂದರೆ ರಾಗ ಚಿಕಿತ್ಸೆ. ದರ್ಬಾರಿ ನಿದ್ದೆ ತರುತ್ತದೆ, ಮಾಲಕಂಸ ರಕ್ತದೊತ್ತಡ ಇಳಿಸುತ್ತದೆ, ಇಂಥ ರೋಗಕ್ಕೆ ಇಂಥ ರಾಗ, ಅದೂ ಅದರ ಪ್ರಹರದಲ್ಲೇ ಎಂದು ಅವರು ನಂಬಿದ್ದರು. ಆಧಾರವಾಗಿ ಕಥೆಗಳಿದ್ದವು: ತಾನಸೇನನ ದೀಪಕ ರಾಗ, ಪಂಡಿತ ಓಂಕಾರನಾಥ ಠಾಕೂರರು ಪೂರಿಯಾ ಹಾಡಿ ಮುಸೊಲಿನಿಗೆ ನಿದ್ದೆ ಬರಿಸಿದರೆಂಬ ಕಥೆ. ಎಲ್ಲಕ್ಕಿಂತ ಹತ್ತಿರದ್ದು ಕುಮಾರ ಗಂಧರ್ವರದು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರು ಕ್ಷಯಕ್ಕೆ ತುತ್ತಾಗಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಒಂದು ಶ್ವಾಸಕೋಶದ ಬಲವನ್ನೇ ಕಳೆದುಕೊಂಡ ಮೇಲೂ ಮರಳಿ ವೇದಿಕೆ ಏರಿದರು. "ನಾದವೇ ಅವರನ್ನು ಬದುಕಿಸಿತು" ಎಂದು ಗವಾಯಿಗಳು ಹೇಳುವಾಗ ಅವರ ದನಿ ತುಂಬಿ ಬರುತ್ತಿತ್ತು.

ಕುಮಾರ ಗಂಧರ್ವರ ಬದುಕನ್ನು ಸರಿಯಾಗಿ ನೋಡಿದರೆ ಅದು ಬೇರೆಯದನ್ನೇ ಕಲಿಸುತ್ತದೆ. ಕ್ಷಯವನ್ನು ಹಿಮ್ಮೆಟ್ಟಿಸಿದ್ದು 1950ರ ದಶಕದ ಆರಂಭದಲ್ಲಿ ಅವರಿಗೆ ದೊರೆತ ಸ್ಟ್ರೆಪ್ಟೊಮೈಸಿನ್. ಕಾಯಿಲೆಯ ಕಾಲದಲ್ಲಿ ವೈದ್ಯರು ಅವರಿಗೆ ಹಾಡುವುದನ್ನೇ ನಿಷೇಧಿಸಿದ್ದರು. ಆ ಮೌನದಲ್ಲಿ ಅವರು ಮಾಳವದ ಜನಪದ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ಚೇತರಿಸಿಕೊಂಡ ಮೇಲೆ ಉಳಿದ ಉಸಿರಿಗೆ ಹೊಂದುವಂತೆ ತಮ್ಮ ಗಾಯನ ಶೈಲಿಯನ್ನೇ ಹೊಸದಾಗಿ ಕಟ್ಟಿಕೊಂಡರು. ಔಷಧ ದೇಹವನ್ನು ಉಳಿಸಿತು, ಸಂಗೀತಗಾರ ಉಳಿದ ದೇಹಕ್ಕೆ ತಕ್ಕ ಸಂಗೀತವನ್ನು ಹುಡುಕಿಕೊಂಡ. ಪುನಶ್ಚೇತನ ಚಿಕಿತ್ಸೆಯ ಕೆಲಸ ಇದೇ ಎಂದು ನಾನು ಗವಾಯಿಗಳಿಗೆ ಹೇಳಿದೆ. ಅವರು ಆ ದಿನ ಒಪ್ಪಲಿಲ್ಲ. ಒಪ್ಪಬೇಕೆಂದು ನಾನೂ ಒತ್ತಾಯಿಸಲಿಲ್ಲ. ಒಬ್ಬ ಮನುಷ್ಯ ಐವತ್ತು ವರ್ಷ ನಾದದ ಜೊತೆ ಬದುಕಿ ಕಟ್ಟಿಕೊಂಡ ಶ್ರದ್ಧೆಯನ್ನು ಒಂದು ಮಧ್ಯಾಹ್ನದಲ್ಲಿ ಕೆಡವುವ ಹಕ್ಕು ಯಾರಿಗೂ ಇಲ್ಲ.

ಎರಡನೆಯವನು ತರುಣ, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಆನ್‌ಲೈನ್‌ನಲ್ಲಿ ಒಂದು ಸಣ್ಣ ಕೋರ್ಸ್ ಮುಗಿಸಿ, ಕಾರ್ಡಿನ ಮೇಲೆ "ಸಂಗೀತ ಚಿಕಿತ್ಸಕ" ಎಂದು ಮುದ್ರಿಸಿಕೊಂಡಿದ್ದ. 432 ಹರ್ಟ್ಸ್‌ಗೆ ಶ್ರುತಿ ಮಾಡಿದ ಧ್ವನಿಯನ್ನು ಹೆಡ್‌ಫೋನಿನಲ್ಲಿ ರಾತ್ರಿಯಿಡೀ ಕೇಳಿಸಿದರೆ ಮೆದುಳಿನ ಕೋಶಗಳು ಎಚ್ಚರಗೊಳ್ಳುತ್ತವೆ ಎಂಬುದು ಅವನ ಸಲಹೆ. ಇದಕ್ಕೆ ಉತ್ತರ ಕೊಟ್ಟವರು ಗವಾಯಿಗಳೇ. ನಮ್ಮಲ್ಲಿ ಷಡ್ಜವನ್ನು, ಅಂದರೆ ಆಧಾರ ಸ್ವರ 'ಸ'ವನ್ನು, ಹಾಡುವವನ ಕಂಠ ನಿರ್ಧರಿಸುತ್ತದೆ, ಒಬ್ಬನಿಗೆ ಕಾಳಿ ಒಂದು (ಪೇಟಿಯ ಮೊದಲ ಕಪ್ಪು ಮನೆ), ಇನ್ನೊಬ್ಬನಿಗೆ ಸಫೇದ್ ಎರಡು (ಎರಡನೆಯ ಬಿಳಿ ಮನೆ). ಎಲ್ಲರಿಗೂ ಒಂದೇ ಅಂಕಿ ಎಂದರೆ ಯಾವ ಲೆಕ್ಕ ಎಂದು ಕೇಳಿದರು. ಕೆಟ್ಟ ಕಿವಿಗೆ ರಾತ್ರಿಯಿಡೀ ಹೆಡ್‌ಫೋನ್ ಬೇಡವೆಂದು ನಾನು ಹೇಳಿದೆ. ಹುಡುಗ ಕೆಟ್ಟವನಲ್ಲ, ಅವನ ಕೈಯಲ್ಲಿದ್ದ ನಿಜವಾದ ಕೌಶಲ ಮುಂದೆ ಬಹಳ ಉಪಯೋಗಕ್ಕೆ ಬಂತು.

ಮೂರನೆಯವರು ಓಣಿಯ ಭಜನಾ ಮೇಳದ ಹಿರಿಯರು, ರೋಗಿಯ ಹಳೆಯ ಜೊತೆಗಾರರು. ಚಿಕಿತ್ಸೆ ಎಂಬ ಮಾತನ್ನೇ ಅವರು ಎತ್ತಲಿಲ್ಲ. "ಮಾತು ಬರಲಿ, ಬಿಡಲಿ, ಮೇಳದಲ್ಲಿ ಅವರ ಜಾಗ ಅವರದೇ. ಸೋಮವಾರ ಕರೆದುಕೊಂಡು ಬನ್ನಿರಿ" ಎಂದು ಮಗನಿಗೆ ಹೇಳಿ ಹೋದರು. ಲಕ್ವಾ ಹೊಡೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಖಿನ್ನತೆಗೆ ಜಾರುತ್ತಾರೆ. ಮಾತು ಹೋದವರಲ್ಲಿ ಅದನ್ನು ಗುರುತಿಸುವುದೂ ಕಷ್ಟ, ಏಕೆಂದರೆ ಕೇಳಿದರೆ ಹೇಳಲು ಅವರ ಬಳಿ ಮಾತಿಲ್ಲ. ಮೂವರಲ್ಲಿ ರೋಗದ ಈ ಮುಖವನ್ನು ಕಂಡವರು ಇವರೊಬ್ಬರೇ.

ತಮ್ಮ ಕಲೆಯಲ್ಲಿ ನುರಿತ ಮೂವರೂ ಹೀಗೆ ಮೂರು ಕಡೆ ನಿಂತಿದ್ದಕ್ಕೆ ಅವರನ್ನು ದೂರಿ ಫಲವಿಲ್ಲ. ಸಂಗೀತ ಚಿಕಿತ್ಸೆ ಒಂದು ವೃತ್ತಿಯಾಗಿ ರೂಪುಗೊಂಡದ್ದೇ ಸಂಗೀತಗಾರರು ಆಸ್ಪತ್ರೆಗೆ ಹೋಗಿ, ಸಂಗೀತ ಬಲ್ಲರೆ ಸಾಲದು ಎಂದು ಕಂಡುಕೊಂಡ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ ನುಡಿಸಲು ಹೋದವರಿಗೆ ಗಾಯಾಳುಗಳ ದೇಹ, ಮನಸ್ಸುಗಳ ಬಗ್ಗೆ ತಿಳಿವಳಿಕೆ ಬೇಕಾಯಿತು. 1944ರಲ್ಲಿ ಮಿಚಿಗನ್‌ನಲ್ಲಿ ಮೊದಲ ಪದವಿ ಪಠ್ಯಕ್ರಮ ಬಂತು, 1950ರಲ್ಲಿ ರಾಷ್ಟ್ರೀಯ ಸಂಘ. ರೋಗಿಯನ್ನು ಮೊದಲು ಅಳೆಯುವುದು, ಗುರಿ ಬರೆದಿಡುವುದು, ಅದಕ್ಕೆ ಬೇಕಾದಷ್ಟೇ ಸಂಗೀತ ಬಳಸುವುದು, ಮತ್ತೆ ಅಳೆಯುವುದು ಈ ವೃತ್ತಿಯ ಬೆನ್ನೆಲುಬು. ನಮ್ಮಲ್ಲಿ ವಾಕ್ ಚಿಕಿತ್ಸಕರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಸಂಗೀತ ಚಿಕಿತ್ಸಕರಿಗೆ ಅಂಥ ನೋಂದಣಿ ಇಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಲಕ್ವಾ ಹೊಡೆದ ಒಬ್ಬ ನೇಕಾರನ ಮನೆಗೆ ತರಬೇತಾದ ಸಂಗೀತ ಚಿಕಿತ್ಸಕರು ಬರುವ ದಿನ ಇನ್ನೂ ದೂರವಿದೆ. ಅಲ್ಲಿಯವರೆಗೆ ವಾಕ್ ಚಿಕಿತ್ಸಕರೂ ಊರಿನ ಸಂಗೀತಗಾರರೂ ಜೊತೆಗೂಡಿ ಕೆಲಸ ಮಾಡುವುದೇ ದಾರಿ ಎಂದು ನಾನು ನಂಬುತ್ತೇನೆ.

"ಎರಡು ಸ್ವರಕ್ಕೆ ರಾಗವಿಲ್ಲ"

ನಾವು ಹಿಡಿದ ಪದ್ಧತಿಗೆ ಮೆಲೊಡಿಕ್ ಇಂಟೊನೇಶನ್ ಥೆರಪಿ ಎನ್ನುತ್ತಾರೆ. ಬಾಸ್ಟನ್‌ನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು 1973ರಲ್ಲಿ ಇದನ್ನು ಮುಂದಿಟ್ಟರು. ದಿನಬಳಕೆಯ ಒಂದು ಪುಟ್ಟ ಮಾತನ್ನು ಎರಡೇ ಸ್ವರಗಳಲ್ಲಿ, ನಿಧಾನವಾಗಿ, ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯನ್ನು ತಟ್ಟುತ್ತ ಹಾಡಿಸಬೇಕು. ಮೊದಲು ಗುಣುಗುವುದು, ಆಮೇಲೆ ಇಬ್ಬರೂ ಕೂಡಿ ಹಾಡುವುದು, ಮೂರನೆಯದು, ನಡುವೆ ಚಿಕಿತ್ಸಕರು ದನಿ ಹಿಂದೆಗೆದುಕೊಳ್ಳುವುದು, ನಂತರ ರೋಗಿ ಕೇಳಿ ಮರಳಿ ಹೇಳುವುದು, ಕೊನೆಗೆ ಪ್ರಶ್ನೆಗೆ ಉತ್ತರವಾಗಿ ಅದೇ ಮಾತನ್ನು ಬಳಸುವುದು. ಇಷ್ಟು ಸಾಧ್ಯವಾದ ಮೇಲೆ ರಾಗವನ್ನು ಮೆಲ್ಲಗೆ ಕಳಚುತ್ತ ಹೋಗಬೇಕು. ಹಾಡು ಹಾಡಿನಂತೆ ಕೇಳಿಸದೆ, ಏರಿಳಿತವಿರುವ ಮಾತಾಗಿ, ಆಮೇಲೆ ಬರೀ ಮಾತಾಗಬೇಕು.

ಎರಡು ಸ್ವರಗಳ ನಡುವಿನ ಅಂತರ ಸಾಮಾನ್ಯವಾಗಿ ಷಡ್ಜದಿಂದ ಕೋಮಲ ಗಾಂಧಾರದಷ್ಟು (ತಗ್ಗಿಸಿದ 'ಗ'). ಇದನ್ನು ಕೇಳಿದೊಡನೆ ಗವಾಯಿಗಳು ತಲೆ ಅಲ್ಲಾಡಿಸಿದರು. "ರಾಗವೆನ್ನಲು ಐದು ಸ್ವರವಾದರೂ ಬೇಕು. ಎರಡು ಸ್ವರಕ್ಕೆ ರಾಗವಿಲ್ಲ, ರಸವಿಲ್ಲ. ಇದರಿಂದ ಏನಾದೀತು?" ಎಂಬುದು ಅವರ ಪ್ರಶ್ನೆ. ಆದರೂ ಸ್ನೇಹಕ್ಕೆ ಕಟ್ಟುಬಿದ್ದು ವಾರಕ್ಕೆ ಎರಡು ದಿನ ಬರಲು ಒಪ್ಪಿದರು.

ಮೊದಲ ಕೆಲವು ದಿನ ನಡೆದದ್ದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣದ ತಿರುಳೇ ಅಲ್ಲಿದೆ. "ನೀರು ಬೇಕು" ಎಂಬ ನಾಲ್ಕಕ್ಷರವನ್ನು ಗವಾಯಿಗಳು ಪೇಟಿಯ ಮೇಲೆ ಸ್ವರ ಹಿಡಿದು ಹಾಡಿದರು. ಮೊದಲು ನೇರವಾಗಿ, ಎರಡನೆಯ ಸಲ ಸಣ್ಣದೊಂದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಸೇರಿಸಿ, ಮೂರನೆಯ ಸಲ ಗಾಂಧಾರವನ್ನು ಆಂದೋಲಿಸಿ. ರೋಗಿಯ ಮುಖ ಅರಳಿತು. ಅವರೂ ಹಾಡಿದರು, ಬಹಳ ಚೆಂದವಾಗಿ ಹಾಡಿದರು, ಆದರೆ ಪದಗಳು ಕರಗಿ ಬರೀ 'ಆ' ಎಂಬ ದನಿ ಉಳಿಯಿತು. ಸ್ವರ ಸುಂದರವಾದಷ್ಟೂ ಅವರ ಗಮನ ಸ್ವರದತ್ತ ಹೋಗಿ ಅಕ್ಷರ ಬಿಟ್ಟುಹೋಗುತ್ತಿತ್ತು. ಗವಾಯಿಗಳಿಗೆ ಅದು ಗೆಲುವು. "ನೋಡಿರಿ, ಹೇಗೆ ಸ್ವರ ಹತ್ತಿತು!" ಎಂದು ಉತ್ಸಾಹದಿಂದ ನನ್ನತ್ತ ತಿರುಗಿದರು. ನನ್ನ ಹಾಳೆಯಲ್ಲಿ ಆ ದಿನ ಸರಿಯಾಗಿ ಬಂದ ಮಾತು ಒಂದೂ ಇರಲಿಲ್ಲ. ಇದನ್ನು ಹೇಳಿ, ಆಲಾಪ ಬೇಡ, ಮೀಂಡ್ ಬೇಡ, ಪೇಟಿಯೂ ಬೇಡ ಎಂದು ಕೇಳಿಕೊಂಡೆ. ಪೇಟಿಯ ನಾದದಲ್ಲಿ ರೋಗಿಯ ಕಿವಿಗೆ ವ್ಯಂಜನಗಳು ಮುಳುಗಿಹೋಗುತ್ತವೆಂದು ಶ್ರವಣ ಪರೀಕ್ಷೆಯ ನಕ್ಷೆಯನ್ನೂ ತೋರಿಸಿದೆ. ಗವಾಯಿಗಳು ಏನೂ ಹೇಳದೆ ಎದ್ದು ಹೋದರು. ಮುಂದಿನ ವಾರ ಬರಲಿಲ್ಲ.

ಅದರ ಮುಂದಿನ ವಾರ ಅವರೇ ಬಂದರು, ಕೈಯಲ್ಲಿ ಪೇಟಿ ಇರಲಿಲ್ಲ. ಮನೆಯಲ್ಲಿ ಏಳು ವರ್ಷದ ಹುಡುಗಿಗೆ ಪಲ್ಟಾ (ಸ್ವರಾಭ್ಯಾಸ) ಹೇಳಿಕೊಡುತ್ತಿದ್ದಾಗ ಅವರಿಗೆ ಒಂದು ವಿಷಯ ಹೊಳೆದಿತ್ತು. ಮಗುವಿಗೆ ಅವರು ಮೊದಲು ತಾವೇ ಹಾಡಿ ತೋರಿಸುತ್ತಾರೆ, ಆಮೇಲೆ ಕೂಡಿ ಹಾಡುತ್ತಾರೆ, ಅದು ಹಳಿಗೆ ಬಂದಿತೆನಿಸಿದಾಗ ಮಧ್ಯದಲ್ಲಿ ತಾವು ನಿಲ್ಲಿಸಿ ಮಗುವನ್ನು ಒಬ್ಬಂಟಿಯಾಗಿ ದಾಟಲು ಬಿಡುತ್ತಾರೆ, ಕೊನೆಗೆ ಕೇಳಿಸಿ ಮರಳಿ ಹಾಡಿಸುತ್ತಾರೆ. ಬಾಸ್ಟನ್ನಿನವರು ಬರೆದ ಮೆಟ್ಟಿಲುಗಳು ತಮ್ಮ ಗುರುಗಳು ತಮಗೆ ಕೊಟ್ಟ ತಾಲೀಮಿನ ಮೆಟ್ಟಿಲುಗಳೇ ಎಂದು ಅವರು ಹೇಳಿದರು. ಮಗುವಿಗೆ ಮೊದಲ ದಿನವೇ ಮೀಂಡ್ ಕೊಡುವ ಗುರು ಯಾರೂ ಇಲ್ಲ ಎಂದೂ ಸೇರಿಸಿದರು. ಹೊರಗಿನಿಂದ ನಾನು ಹೇಳಿದ್ದು ಮುಟ್ಟದಿದ್ದಲ್ಲಿ ಅವರ ಸ್ವಂತ ವಿದ್ಯೆಯೇ ಅವರನ್ನು ಮುಟ್ಟಿಸಿತ್ತು. ಸಂಗೀತಗಾರರಿಗೆ ಚಿಕಿತ್ಸೆಯನ್ನು ವಿವರಿಸುವಾಗ ನಾವು ವೈದ್ಯಶಾಸ್ತ್ರದಿಂದ ಆರಂಭಿಸುತ್ತೇವೆ. ಅವರ ಬೋಧನೆಯ ಅನುಭವದಿಂದ ಆರಂಭಿಸುವುದು ಎಷ್ಟೋ ಮೇಲು.

ಆಮೇಲೆ ಅವರು ಕೊಟ್ಟದ್ದು ನನ್ನ ಪಠ್ಯಪುಸ್ತಕಗಳಲ್ಲಿ ಇಲ್ಲದ್ದು. ಈ ಪದ್ಧತಿ ಇಂಗ್ಲಿಷಿಗಾಗಿ ಹುಟ್ಟಿದ್ದು. ಅಲ್ಲಿ ಒತ್ತಿ ಹೇಳುವ ಅಕ್ಷರಕ್ಕೆ ಮೇಲಿನ ಸ್ವರ ಕೊಡುತ್ತಾರೆ. ಕನ್ನಡದಲ್ಲಿ ಆ ಬಗೆಯ ಒತ್ತು ಇಲ್ಲ. ನಮ್ಮ ಮಾತಿನ ನಡಿಗೆಯನ್ನು ತೀರ್ಮಾನಿಸುವುದು ಗುರು, ಲಘುಗಳು. ಗವಾಯಿಗಳು ತೊಡೆಯ ಮೇಲೆ ಮಾತ್ರೆ ಎಣಿಸಿ ತೋರಿಸಿದರು: ನೀ ಎರಡು, ರು ಒಂದು, ಬೇ ಎರಡು, ಕು ಒಂದು. ಒಟ್ಟು ಆರು, ದಾದ್ರಾ ತಾಳಕ್ಕೆ ಸರಿಯಾಗಿ ಕೂಡುತ್ತದೆ. "ಊಟ ಬೇಡ" ಎಂಬುದೂ ಆರು. "ಬೆನ್ನು ನೋವು" ಕೂಡ ಆರು. "ಮನೆಗೆ ಹೋಗೋಣ" ಎಂಟು, ಅದು ಕೆಹರವಾ. ಗುರು ಬಂದಲ್ಲಿ ಕೋಮಲ ಗಾಂಧಾರ, ಲಘು ಬಂದಲ್ಲಿ ಷಡ್ಜ ಎಂದು ಅವರು ಗೆರೆ ಎಳೆದುಕೊಟ್ಟರು. ತಟ್ಟುವಾಗ ದೀರ್ಘಾಕ್ಷರದ ಮೇಲೆ ಕೈ ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದರು. ಭಜನೆಯಲ್ಲಿ ರೋಗಿಯ ಷಡ್ಜ ಕಾಳಿ ಎರಡಾಗಿತ್ತು. ಮಾತಿನ ದನಿಗೆ ಹತ್ತಿರವಾಗಲೆಂದು ಅದನ್ನು ಸಫೇದ್ ಒಂದಕ್ಕೆ ಇಳಿಸಿದರು. ಮನೆಯಲ್ಲಿ ಆಡುವ ಮಾತಿನ ರೂಪದಲ್ಲೇ ಎಲ್ಲವನ್ನೂ ಅಭ್ಯಾಸ ಮಾಡಿಸಿದೆವು. ಇಲ್ಲಿ ಬರಹದ ರೂಪದಲ್ಲಿ ಕೊಟ್ಟಿದ್ದೇನೆ.

ದಾದ್ರಾದ ಮಾತುಗಳು ಬೇಗ ಹಿಡಿದವು. ಭಜನೆಯ ಅನೇಕ ಪದಗಳು ಅದೇ ನಡೆಯಲ್ಲಿರುವುದೂ ಒಂದು ಕಾರಣವಿರಬಹುದು.

ಸೀರೆ ನಾಳೆ

ಮೊದಲ ಪಟ್ಟಿಯಲ್ಲಿ ಹನ್ನೆರಡು ಮಾತುಗಳಿದ್ದವು. ಹೆಚ್ಚಿನವು ನಾನೂ ಅವರ ಹೆಂಡತಿಯೂ ಸೇರಿ ಆರಿಸಿದವು, ಊಟ, ನೀರು, ನೋವುಗಳಿಗೆ ಸಂಬಂಧಿಸಿದವು. ಒಂದನ್ನು ಮಾತ್ರ ರೋಗಿಯೇ ಆರಿಸಿದರು. ಮಗ ಫೋನಿನಲ್ಲಿ ವ್ಯಾಪಾರಿಯ ಜೊತೆ ಮಾತನಾಡುವಾಗಲೆಲ್ಲ ಅವರು ಎಡಗೈ ಚಾಚಿ ಫೋನು ಕೇಳುತ್ತಿದ್ದರು, ಸಿಗದಿದ್ದಾಗ ಆ ಬೈಗುಳ ಬರುತ್ತಿತ್ತು. ಮಗ್ಗದ ಲೆಕ್ಕ ಅವರ ಕೈಯಿಂದ ಜಾರಿಹೋದದ್ದೇ ದೊಡ್ಡ ನೋವೆಂದು ತಿಳಿಯಲು ನಮಗೆ ಸ್ವಲ್ಪ ಸಮಯ ಹಿಡಿಯಿತು. ಪಟ್ಟಿಗೆ "ಸೀರೆ ನಾಳೆ" ಎಂದು ಸೇರಿಸಿದೆವು. ನಾಲ್ಕಕ್ಷರ, ಆರು ಮಾತ್ರೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ರಾಗ ಕಳಚಿಕೊಂಡು ಬರೀ ಮಾತಾಗಿ ಬಂದದ್ದು ಅದೇ. ವ್ಯಾಪಾರಿಯ ಫೋನು ಬಂದಾಗ ಅವರು ಎಡಗೈಯಿಂದ ಕಟ್ಟೆಯನ್ನು ನಾಲ್ಕು ಸಲ ತಟ್ಟಿ, "ಸೀರೆ ನಾಳೆ" ಎಂದರು. ಆ ಕಡೆಯವರು ಹಳೆಯ ಪರಿಚಯದವರು, "ಆಗಲಿ ಅಣ್ಣಾ, ಅವಸರವಿಲ್ಲ" ಎಂದರಂತೆ.

ಕೀಬೋರ್ಡ್ ನುಡಿಸುವ ತರುಣ ಈ ಹಂತದಲ್ಲಿ ನೆರವಿಗೆ ಬಂದ. ಗವಾಯಿಗಳ ದನಿಯಲ್ಲಿ ಪ್ರತಿ ಮಾತನ್ನೂ ಧ್ವನಿಮುದ್ರಿಸಿ, ಶ್ರುತಿ ಕೆಡದಂತೆ ವೇಗ ತಗ್ಗಿಸಿ, ನಡುವೆ ರೋಗಿ ಹೇಳಲು ಬೇಕಾದಷ್ಟು ಖಾಲಿ ಜಾಗ ಬಿಟ್ಟು, ಮೊಮ್ಮಗಳ ಮೊಬೈಲಿಗೆ ಹಾಕಿಕೊಟ್ಟ. ವ್ಯಂಜನಗಳು ಎದ್ದು ಕೇಳುವಂತೆ ಮೇಲಿನ ಕಂಪನಾಂಕಗಳನ್ನು ತುಸು ಏರಿಸಿದ್ದು ಅವನದೇ ಜಾಣ್ಮೆ. ಇಂಥ ಅಭ್ಯಾಸ ದಿನಕ್ಕೆ ಹಲವು ಸಲ ನಡೆಯಬೇಕು. ಮನೆಯಲ್ಲಿ ನಿತ್ಯ ನಡೆಯದಿದ್ದರೆ ನಾವು ಯಾರು ಎಷ್ಟು ಸಲ ಬಂದರೂ ಲಾಭ ಅಷ್ಟಕ್ಕಷ್ಟೆ.

ಭಜನೆಯನ್ನು ನಾನು ಚಿಕಿತ್ಸೆಯ ಭಾಗವೆಂದು ಬರೆದುಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ. ಫಿನ್ಲೆಂಡ್‌ನಲ್ಲಿ ಲಕ್ವಾ ಹೊಡೆದ 60 ಜನರನ್ನು ಮೂರು ಗುಂಪು ಮಾಡಿ ನಡೆಸಿ, 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಎರಡು ತಿಂಗಳು ದಿನವೂ ತಮಗೆ ಇಷ್ಟವಾದ ಸಂಗೀತವನ್ನು ಕೇಳಿದವರಲ್ಲಿ ಮಾತಿನ ನೆನಪು ಮತ್ತು ಏಕಾಗ್ರತೆ ಉಳಿದವರಿಗಿಂತ ಹೆಚ್ಚು ಸುಧಾರಿಸಿತ್ತು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಿತ್ತು. ಅಲ್ಲಿ ಸಂಗೀತವನ್ನು ಆರಿಸಿದವರು ರೋಗಿಗಳು. ಇಂಥ ಕಾಯಿಲೆಗೆ ಇಂಥ ಸಂಗೀತ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಇದನ್ನು ಗವಾಯಿಗಳಿಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಾಗಾದರೆ ಇವರಿಗೆ ದರ್ಬಾರಿಗಿಂತ ಓಣಿಯ ಭಜನೆಯೇ ಮೇಲು" ಎಂದರು. ಮೇಳದಲ್ಲಿ ಬಲಗೈಗೆ ತಾಳ ಹಿಡಿಯಲಾಗದ ಕಾರಣ, ಒಂದೇ ಕೈಯಲ್ಲಿ ನುಡಿಸುವ ಕಟ್ಟಿಗೆಯ ಚಿಟಿಕೆಯನ್ನು ಹಿರಿಯರು ಅವರ ಎಡಗೈಗೆ ಕೊಟ್ಟರು. ಕೈಮಗ್ಗದ ಮುಂದೆ ಬೆಳೆದ ಮನುಷ್ಯನ ಲಯಕ್ಕೆ ಲಕ್ವಾ ಏನನ್ನೂ ಮಾಡಿರಲಿಲ್ಲ.

ಮೂರು ತಿಂಗಳ ಕೊನೆಗೆ ಮತ್ತೆ ಪರೀಕ್ಷಿಸಿದೆ. ಹನ್ನೆರಡರಲ್ಲಿ ಎಂಟು ಮಾತುಗಳು ರಾಗವಿಲ್ಲದೆ, ಬೇಕಾದಾಗ ಬರುತ್ತಿದ್ದವು. ಎರಡಕ್ಕೆ ಇನ್ನೂ ಕೈತಟ್ಟು ಬೇಕಿತ್ತು. ಎರಡು ಬರಲೇ ಇಲ್ಲ. "ಬೇಕು", "ಬೇಡ", "ನಾಳೆ" ಎಂಬ ಪದಗಳನ್ನು ಪಟ್ಟಿಯಾಚೆಗೂ ಬಳಸತೊಡಗಿದ್ದರು. "ಚಹಾ ಬೇಡ, ನೀರು" ಎಂಬುದು ನಾವು ಕಲಿಸಿದ್ದಲ್ಲ. ಹೊಸ ವಾಕ್ಯ ಕಟ್ಟುವುದು, ನಡೆದದ್ದನ್ನು ವಿವರಿಸುವುದು ಇನ್ನೂ ಆಗುವುದಿಲ್ಲ. ಲಕ್ವಾ ಹೊಡೆದ ಮೊದಲ ತಿಂಗಳುಗಳಲ್ಲಿ ಮೆದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಹೀಗಾಗಿ ಈ ಲಾಭವನ್ನೆಲ್ಲ ಎರಡು ಸ್ವರಗಳ ಖಾತೆಗೆ ಬರೆಯುವುದು ಸರಿಯಲ್ಲ. ಆದರೂ ಅಭ್ಯಾಸ ಮಾಡಿದ ಮಾತುಗಳು ಮುಂದೆ ಹೋಗಿ, ಪಟ್ಟಿಯಲ್ಲಿಲ್ಲದ ವಸ್ತುಗಳ ಹೆಸರು ಹಿಂದೆಯೇ ಉಳಿದದ್ದು, ಕೆಲಸ ವ್ಯರ್ಥವಾಗಲಿಲ್ಲ ಎಂಬುದಕ್ಕೆ ಸಾಕಷ್ಟು ಬಲವಾದ ಸೂಚನೆ.

ಗವಾಯಿಗಳಿಗೆ ಕೊನೆಯವರೆಗೂ ಕಷ್ಟವಾದದ್ದು ರಾಗ ಕಳಚುವ ಹಂತ. "ಸೀರೆ ನಾಳೆ" ಬರೀ ಮಾತಾದ ದಿನ ಮನೆಯವರೆಲ್ಲ ನಗುತ್ತಿದ್ದರೆ ಅವರ ಮುಖದಲ್ಲಿ ಸಂತೋಷದ ಜೊತೆಗೆ ಬೇರೆ ಏನೋ ಇತ್ತು. ಬೇಸುರಾಗಿ ಬಂದ ಮಾತನ್ನು ತಿದ್ದದೆ ಬಿಡುವುದು ತಮ್ಮ ಬಾಳಿನಲ್ಲಿ ಕಲಿತ ಅತ್ಯಂತ ಕಠಿಣ ಪಾಠ ಎಂದು ಅವರು ಹೇಳಿದರು. ಬೇರೆ ಸಂಗೀತಗಾರರೊಂದಿಗೆ ಮಾತನಾಡುವಾಗಲೂ ನಾನು ಇದೇ ಗಂಟನ್ನು ಕಾಣುತ್ತೇನೆ. ಸಂಗೀತಕ್ಕೆ ಶಕ್ತಿಯಿದೆ ಎಂಬುದನ್ನು ಒಪ್ಪದ ಸಂಗೀತಗಾರರಿಲ್ಲ. ಆ ಶಕ್ತಿ ಬೇರೊಂದು ಕೆಲಸಕ್ಕೆ ದುಡಿದು, ಕೆಲಸ ಮುಗಿದ ಮೇಲೆ ಜಾಗ ಬಿಟ್ಟುಕೊಡಬೇಕು ಎಂಬುದನ್ನು ಒಪ್ಪಲು ಕಾಲ ಬೇಕಾಗುತ್ತದೆ. ಗವಾಯಿಗಳು ಇಂದಿಗೂ ಕುಮಾರ ಗಂಧರ್ವರ ಕಥೆ ಹೇಳುತ್ತಾರೆ. ಈಗ ಅದರಲ್ಲಿ ಸ್ಟ್ರೆಪ್ಟೊಮೈಸಿನ್ ಇದೆ.

ಕಳೆದ ತಿಂಗಳು ಪಕ್ಕದ ಊರಿನವರು ರಾಗ ಚಿಕಿತ್ಸಾ ಶಿಬಿರ ಮಾಡಿಕೊಡಿ ಎಂದು ಅವರನ್ನು ಕೇಳಿದಾಗ, ಮೊದಲು ರೋಗಿಗಳನ್ನು ವೈದ್ಯರು ಮತ್ತು ವಾಕ್ ಚಿಕಿತ್ಸಕರು ನೋಡಿರಬೇಕು, ಕಿವಿ ಪರೀಕ್ಷೆ ಆಗಿರಬೇಕು, ಒಬ್ಬೊಬ್ಬರಿಗೆ ಏನು ಬೇಕೆಂದು ಬರೆದುಕೊಟ್ಟರೆ ತಾವು ಬರುವುದಾಗಿ ಹೇಳಿದರು. ಫಲಕದಲ್ಲಿ ತಮ್ಮ ಹೆಸರಿನ ಮುಂದೆ "ಸಂಗೀತ ಶಿಕ್ಷಕರು" ಎಂದಷ್ಟೇ ಹಾಕಬೇಕೆಂದೂ ತಿಳಿಸಿದರು. ಬನಹಟ್ಟಿಯ ಮನೆಯಲ್ಲಿ ಎರಡನೇ ಪಟ್ಟಿ ಆರಂಭವಾಗಿದೆ. ಈ ಸಲ ಹದಿನೈದು ಮಾತುಗಳು, ಆರು ರೋಗಿಯೇ ಆರಿಸಿದವು, ಅವುಗಳಲ್ಲಿ ನಾಲ್ಕು ಮಗ್ಗಕ್ಕೆ ಸಂಬಂಧಿಸಿದವು.